ತೋಳು ಇಳಿದರೆ ಬಿಪಿ ಏರುತ್ತದೆ

“ದವಾಖಾನ್ಯಾಗ ನೋಡಿದ್ರ 136 ಬರ್ತದ, ಮನ್ಯಾಗ 145. ಮಿಷಿನ್ನೇ ಖರಾಬ್ ಅದ ಏನ್ರಿ?” ಇದು ಶಹಾಬಾದದ ಓದುಗರೊಬ್ಬರ ಪ್ರಶ್ನೆ. ಹೇಗೆ ಕೂತು ನೋಡ್ತೀರಿ ಎಂದು ವಿಚಾರಿಸಿದರೆ ಅರ್ಧ ಉತ್ತರ ಅಲ್ಲೇ ಸಿಕ್ಕಿತು. ನೆಲದ ಮೇಲೆ ಕೂತು, ಮಿಷಿನ್ನನ್ನು ಫರ್ಸಿ ಕಲ್ಲಿನ ಮೇಲಿಟ್ಟು, ಕೈಯನ್ನೂ ಅದರ ಪಕ್ಕಕ್ಕೆ ಇಳಿಬಿಟ್ಟು ನೋಡುತ್ತಾರಂತೆ. ಶಹಾಬಾದ, ವಾಡಿ, ಚಿತ್ತಾಪುರ, ಸೇಡಂ ಕಡೆ ಇದು ಸಹಜವೇ. ಬೇಸಿಗೆಯಲ್ಲಿ ತಂಪಾಗಿರುವ ಈ ಕಲ್ಲಿನ ನೆಲದ ಮೇಲೆಯೇ ಊಟ, ಹರಟೆ, ನಿದ್ದೆ ಎಲ್ಲ. ಆದರೆ ಬಿಪಿ ನೋಡಲು ಅದು ಸರಿಯಾದ ಜಾಗವಲ್ಲ.

ಏಕೆಂದು ತಿಳಿಯಲು ಒಂದು ಕುದುರೆಯ ಕಥೆ ಕೇಳಿ. ಇಂಗ್ಲೆಂಡಿನ ಪಾದ್ರಿ ಸ್ಟೀಫನ್ ಹೇಲ್ಸ್ ಹೆಣ್ಣು ಕುದುರೆಯೊಂದರ ಅಪಧಮನಿಗೆ ಉದ್ದನೆಯ ಗಾಜಿನ ಕೊಳವೆ ಜೋಡಿಸಿ, ನೆಟ್ಟಗೆ ನಿಲ್ಲಿಸಿದ. ರಕ್ತ ಅದರೊಳಗೆ 8 ಅಡಿ 3 ಅಂಗುಲ ಮೇಲೇರಿತು! 1733ರಲ್ಲಿ ಅವನು ಇದನ್ನು ಪ್ರಕಟಿಸಿದ. ರಕ್ತದೊತ್ತಡವೆಂದರೆ ಹೀಗೆ ಎತ್ತರದಲ್ಲಿ ಅಳೆಯಬಹುದಾದ ಸಂಗತಿ. ನಮ್ಮ ಬಿಪಿಯ 120 ಮಿಲಿಮೀಟರನ್ನು ಪಾದರಸದ ಬದಲು ನೀರಿನಲ್ಲಿ ಅಳೆದರೆ 163 ಸೆಂಟಿಮೀಟರ್, ಅಂದರೆ ಒಂದಾಳೆತ್ತರ!

ಹಾಗಾಗಿ ಪಟ್ಟಿ ಕಟ್ಟಿದ ತೋಳು ಎದೆಮಟ್ಟದಿಂದ ಎಷ್ಟು ಕೆಳಗಿಳಿಯುತ್ತದೋ, ಅಷ್ಟೆತ್ತರದ ರಕ್ತದ ಭಾರವೂ ಲೆಕ್ಕಕ್ಕೆ ಸೇರುತ್ತದೆ. 10 ಸೆಂಟಿಮೀಟರ್ ಇಳಿದರೆ ಹತ್ತಿರ ಹತ್ತಿರ 8 ಅಂಕ ಹೆಚ್ಚು. ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ತಂಡ 2024ರಲ್ಲಿ ಇದನ್ನೇ ಪರೀಕ್ಷಿಸಿತು. ಮೇಜಿನ ಮೇಲೆ ಕೈ ಇಟ್ಟಾಗ ಬಂದದ್ದಕ್ಕಿಂತ, ತೊಡೆಯ ಮೇಲಿಟ್ಟಾಗ ಮೇಲಿನ ಅಂಕ ಸುಮಾರು 4 ಹೆಚ್ಚು ಬಂತು. ಪಕ್ಕಕ್ಕೆ ಇಳಿಬಿಟ್ಟಾಗ 6.5 ಹೆಚ್ಚು! ಮಿಷಿನ್ನು ಸುಳ್ಳು ಹೇಳಲಿಲ್ಲ. ತೋಳು ಇದ್ದ ಜಾಗದ ಒತ್ತಡವನ್ನೇ ಹೇಳಿತು.

ಇನ್ನೊಂದು ಸೋಜಿಗ. ಡಾಕ್ಟರು ಸ್ಟೆತಸ್ಕೋಪಿನಿಂದ ನಾಡಿಯ ಸದ್ದು ಆಲಿಸುತ್ತಾರೆ, ಮನೆಯ ಮಿಷಿನ್ನು ಏನನ್ನೂ ಆಲಿಸುವುದಿಲ್ಲ. ಪಟ್ಟಿಯ ಗಾಳಿಯಲ್ಲಿ ನಾಡಿ ಎಬ್ಬಿಸುವ ಸಣ್ಣ ನಡುಕವನ್ನು ಗುರುತಿಸಿ, ಅದರಿಂದ ಎರಡೂ ಅಂಕಗಳನ್ನು ಲೆಕ್ಕ ಹಾಕುತ್ತದೆ. ನೀವು ಕೈ ಅಲ್ಲಾಡಿಸಿದರೆ ಆ ಲೆಕ್ಕವೇ ಕೆಡುತ್ತದೆ. ಮಾತಾಡಿದರೆ ಬಿಪಿಯೇ ಏರುತ್ತದೆ.

ಆದ್ದರಿಂದ ಬೆನ್ನಿಗೆ ಆಸರೆಯಿರುವ ಕುರ್ಚಿಯಲ್ಲಿ ಕೂತು, ಪಾದಗಳನ್ನು ನೆಲಕ್ಕೂರಿ, ಐದು ನಿಮಿಷ ಸುಮ್ಮನಿರಿ. ಕಾಲ ಮೇಲೆ ಕಾಲು ಬೇಡ. ಚಹಾ, ತಂಬಾಕು ಅರ್ಧ ಗಂಟೆ ಮೊದಲೇ ಮುಗಿದಿರಲಿ, ಮೂತ್ರ ಕಟ್ಟಿಕೊಂಡು ಕೂರಬೇಡಿ. ಮೇಜು ತಗ್ಗಿದ್ದರೆ ಕೈ ಕೆಳಗೆ ದಿಂಬು ಇಟ್ಟು, ಪಟ್ಟಿಯನ್ನು ಎದೆಮಟ್ಟಕ್ಕೆ ತನ್ನಿ. ಪಟ್ಟಿಯನ್ನು ಅಂಗಿಯ ಮೇಲೆ ಕಟ್ಟದೆ ಬರಿ ತೋಳಿಗೆ ಕಟ್ಟಿ. ಅದರ ಮೇಲೆ 22–32 ಸೆಂ.ಮೀ. ಎಂಬಂತೆ ಅಳತೆ ಮುದ್ರಿಸಿರುತ್ತಾರೆ. ದರ್ಜಿಯ ಟೇಪಿನಿಂದ ತೋಳಿನ ಸುತ್ತಳತೆ ನೋಡಿಕೊಳ್ಳಿ. ದಪ್ಪ ತೋಳಿಗೆ ಸಣ್ಣ ಪಟ್ಟಿ ಕಟ್ಟಿದರೆ ಇಲ್ಲದ ಬಿಪಿ ಕಾಣಿಸುತ್ತದೆ. ಒಂದು ನಿಮಿಷ ಬಿಟ್ಟು ಎರಡು ಸಲ ನೋಡಿ. ಹೀಗೆ ಬೆಳಿಗ್ಗೆ, ಸಂಜೆ ಒಂದು ವಾರ ಬರೆದಿಟ್ಟು, ಮೊದಲ ದಿನದ್ದು ಬಿಟ್ಟು ಸರಾಸರಿ ತೆಗೆಯಿರಿ. ಮನೆಯಲ್ಲಿ 135/85 ದಾಟಿದರೆ ಹೆಚ್ಚೆಂದು ಲೆಕ್ಕ. ದವಾಖಾನೆಯಲ್ಲಿ ಆ ಗೆರೆ 140/90.

“ನನಗ ಬಿಪಿ ಏರಿದ್ರ ಗೊತ್ತಾಗ್ತದ, ತಲಿ ತಿರಗ್ತದ” ಎನ್ನುವವರ ಮೇಲೆ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ. ಹೆಚ್ಚಿನವರಲ್ಲಿ ಏರಿದ ಬಿಪಿ ಯಾವ ಸುಳಿವನ್ನೂ ಕೊಡುವುದಿಲ್ಲ. ತಾಮ್ರದ ಕಡಗದಿಂದ ಅದು ಇಳಿಯುವುದೂ ಇಲ್ಲ.

ನಮ್ಮ ಕಡೆ ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟಿದಾಗ ರಕ್ತನಾಳ ಹಿಗ್ಗಿ, ಬೆವರು ಸುರಿದು ಬಿಪಿ ಇಳಿಯಬಹುದು. ಹಾಗೆಂದು ಗುಳಿಗೆಯನ್ನು ನೀವೇ ನಿಲ್ಲಿಸಬೇಡಿ. ಬರೆದಿಟ್ಟ ವಹಿಯನ್ನೂ ಮಿಷಿನ್ನನ್ನೂ ಡಾಕ್ಟರ ಹತ್ತಿರ ಒಯ್ದು, ಅವರ ಮಿಷಿನ್ನಿನ ಜೊತೆ ಹೋಲಿಸಿ ನೋಡಿ. ಗುಳಿಗೆ ಕಡಿಮೆ ಮಾಡಬೇಕೋ ಬೇಡವೋ, ಅವರು ಹೇಳಲಿ.