ಹೆಸರು ಹೊತ್ತ ವಾದ್ಯ

ಪ್ರಸಿದ್ಧ ಕಲಾವಿದನ ಹಸ್ತಾಕ್ಷರವುಳ್ಳ ವಾದ್ಯ ಅಂಗಡಿಗೆ ಬಂದೊಡನೆ ಖರ್ಚಾಗಬೇಕೆಂದು ಭಾವಿಸುವುದು ಸಹಜ. ಗಿಟಾರಿನ ಮಟ್ಟಿಗೆ ಇದು ನಿಜವಾದದ್ದೂ ಉಂಟು. 1952ರಲ್ಲಿ ಅಮೆರಿಕದ ಗಿಬ್ಸನ್ ಕಂಪನಿ ವಾದಕ ಲೆಸ್ ಪಾಲರ ಹೆಸರಿನಲ್ಲಿ ಹೊರತಂದ ಗಿಟಾರು, ನಡುವೆ ಕೆಲಕಾಲ ನಿಂತರೂ, ಇಂದಿಗೂ ಮಾರಾಟವಾಗುತ್ತಿದೆ. ಆದರೆ ಸೋದರವಾದ್ಯವಾದ ಬೇಸ್ ಗಿಟಾರಿಗೆ ಈ ಭಾಗ್ಯ ಒಲಿದದ್ದು ವಿರಳ. ಏಕೆ?

ಬೇಸ್ ಎಂದರೆ ಸಾಮಾನ್ಯವಾಗಿ ನಾಲ್ಕು ದಪ್ಪ ತಂತಿಗಳ, ಮಂದ್ರಸ್ವರದ ವಾದ್ಯ. 1951ರಲ್ಲಿ ಲಿಯೊ ಫೆಂಡರ್ ಹೊರತಂದ 'ಪ್ರಿಸಿಶನ್ ಬೇಸ್' ಅದನ್ನು ಜನಬಳಕೆಗೆ ತಂದಿತು. ಹಾಡಿಗೆ ತಳಪಾಯ ಹಾಕುವುದು ಅದರ ಕೆಲಸ. ತಳಪಾಯ ಕಣ್ಣಿಗೆ ಬೀಳುವುದಿಲ್ಲ. ಹಾಕಿದವನ ಹೆಸರೂ ಹಾಗೆಯೇ. ಡೆಟ್ರಾಯಿಟಿನ ಮೋಟೌನ್ ಸಂಸ್ಥೆಯ ಅದೆಷ್ಟೋ ಜನಪ್ರಿಯ ಗೀತೆಗಳಿಗೆ ಬೇಸ್ ನುಡಿಸಿದವರು ಜೇಮ್ಸ್ ಜೇಮರ್ಸನ್. ಆ ಸಂಸ್ಥೆಯ ಮುಖ್ಯ ಧ್ವನಿಮುದ್ರಿಕೆಯೊಂದರ ಹೊದಿಕೆಯ ಮೇಲೆ ಅವರ ಹೆಸರು ಅಚ್ಚಾಗಲು 1971ರವರೆಗೆ, ಮಾರ್ವಿನ್ ಗೇ ಅವರ 'ವಾಟ್ಸ್ ಗೋಯಿಂಗ್ ಆನ್' ಬರುವವರೆಗೆ, ಕಾಯಬೇಕಾಯಿತು. ಕೇಳುಗರಿಗೇ ಗೊತ್ತಿಲ್ಲದ ಹೆಸರು ವಾದ್ಯವನ್ನು ಮಾರಿಕೊಡುವುದೆಂತು?

ಎರಡನೆಯ ಕಾರಣ ಕೈಗೆ ಸಂಬಂಧಿಸಿದ್ದು. ಜೇಮರ್ಸನ್ ತಮ್ಮ 1962ರ ಬೇಸಿಗೆ ನುಣುಪು ಮೈಯ ದಪ್ಪ ತಂತಿ ಬಿಗಿದು, ಅದನ್ನು ಎತ್ತರದಲ್ಲಿಟ್ಟು, ತೋರುಬೆರಳೊಂದರಿಂದಲೇ ಮೀಟುತ್ತಿದ್ದರು. ಜಾಕೊ ಪಾಸ್ಟೋರಿಯಸ್ ನುಡಿಸುತ್ತಿದ್ದ 'ಜಾಝ್ ಬೇಸ್'ನಲ್ಲಿ ಮೆಟ್ಟುಗಳೇ ಇರಲಿಲ್ಲ. ಇಂಥ ಏರ್ಪಾಡು ಆ ಕೈಗೆ ವರ, ಮತ್ತೊಂದಕ್ಕೆ ತೊಡಕು. ಜೇಮರ್ಸನ್ನರ ಕ್ರಮವನ್ನು ನನ್ನ ವಾದ್ಯದ ಮೇಲೆ ನಾನೂ ಪ್ರಯೋಗಿಸಿ ನೋಡಿದೆ. ಬೆರಳು ಬೊಬ್ಬೆಯೆದ್ದಿತು, ನಾದ ಮಾತ್ರ ನನ್ನದಾಗಿಯೇ ಉಳಿಯಿತು! ಇಂದು ಮದುವೆಯಲ್ಲಿ, ನಾಳೆ ಚರ್ಚಿನಲ್ಲಿ ನುಡಿಸುವ ವಾದಕನಿಗೆ ಬೇಕಾದದ್ದು ಎಲ್ಲಕ್ಕೂ ಒಗ್ಗುವ ವಾದ್ಯ. ಹೆಸರಿನ ವಾದ್ಯಕ್ಕೆ ಬೆಲೆಯೂ ಸಾಮಾನ್ಯವಾಗಿ ಹೆಚ್ಚು. ಬೇಸ್ ಕೊಳ್ಳುವವರಂತೂ ಗಿಟಾರು ಕೊಳ್ಳುವವರಿಗಿಂತ ಕಡಿಮೆ.

ಅಪವಾದಗಳೂ ಇದನ್ನೇ ಹೇಳುತ್ತವೆ. ಫೆಂಡರ್ ಕಂಪನಿ 1998ರಲ್ಲಿ ತಂದ ಗೆಡಿ ಲೀ ಮಾದರಿ ಹಲವು ವರ್ಷ ಬೇಡಿಕೆಯಲ್ಲಿತ್ತು. ಅದಕ್ಕೆ ಮೂಲ, ಲೀ ಅವರು ಗಿರವಿ ಅಂಗಡಿಯೊಂದರಲ್ಲಿ ಕೊಂಡ 1972ರ ಜಾಝ್ ಬೇಸ್. ಹೆಸರನ್ನು ಮರೆತರೂ ಅದು ಯಾರಿಗಾದರೂ ಒದಗುವ ವಾದ್ಯ. ಸೈರ್ ಕಂಪನಿಯ ಮಾರ್ಕಸ್ ಮಿಲ್ಲರ್ ಮಾದರಿಯನ್ನು ಜನ ಮೆಚ್ಚಿದ್ದು, ಬಹುಮಟ್ಟಿಗೆ, ಅದರ ಅಗ್ಗದ ಬೆಲೆಗಾಗಿ.

ಆದುದರಿಂದ ಈ ಮಾರಾಟದ ಸೋಲು ಕಲಾವಿದನ ಸೋಲಲ್ಲವೆಂದು ನನ್ನ ಭಾವನೆ. ಅವನಿಗೆ ಹೆಸರು ಸಲ್ಲಬೇಕಾದದ್ದು ಅಂಗಡಿಯ ಗೋಡೆಯ ಮೇಲಲ್ಲ, ಹಾಡಿನ ಜೊತೆಯಲ್ಲಿ. ಮುಂದೆ ಹಾಡೊಂದನ್ನು ಕೇಳುವಾಗ ಆ ಮಂದ್ರನಾದಕ್ಕೂ ಒಂದಿಷ್ಟು ಕಿವಿಗೊಡಿ. ನುಡಿಸಿದವರು ಯಾರೆಂದು ವಿಚಾರಿಸಿ.