ಉಸಿರಿನಿಂದ ಉಸಿರಿಗೆ: ಅಂಟುರೋಗ ಹತ್ತಿರದವರಿಗೇ ಹತ್ತುವುದೇಕೆ?



ಜಮಖಂಡಿ ತಾಲ್ಲೂಕಿನ ಚಿಕ್ಕಪಡಸಲಗಿ ಎಂದೊಡನೆ ನೆನಪಾಗುವುದು ಕೃಷ್ಣಾ ನದಿಗೆ ಅಡ್ಡಲಾಗಿ ರೈತರೇ ಮುಂದಾಗಿ ಕಟ್ಟಿದ ಬ್ಯಾರೇಜು. 1989ರಲ್ಲಿ ಪೂರ್ಣಗೊಂಡ ಈ ಕೆಲಸ ಆದದ್ದು ಜನ ಒಟ್ಟುಗೂಡಿದ್ದರಿಂದ. ಕೂಡಿ ದುಡಿಯುವುದು, ಕೂಡಿ ಉಣ್ಣುವುದು, ಗುಡಿಯಲ್ಲಿ ಕೂಡಿ ಭಜನೆ ಮಾಡುವುದು ನಮ್ಮ ಹಳ್ಳಿಗಳ ದೊಡ್ಡ ಬಲ. ಆದರೆ 2020ರಲ್ಲಿ ಇದೇ ಹಳ್ಳಿಗಳಿಗೆ "ಒಬ್ಬರಿಂದ ಒಬ್ಬರು ದೂರ ನಿಲ್ಲಿ" ಎಂಬ ಸೂಚನೆ ಬಂದಿತು. ಅನೇಕರಿಗೆ ಅದು ವಿಚಿತ್ರವೆನಿಸಿತು. ಆ ಮಾತಿನ ಹಿಂದಿದ್ದ ವಿಜ್ಞಾನವೇನು? ಬನ್ನಿ, ತಿಳಿಯೋಣ.

ಮೊದಲು ಹತ್ತಿದ್ದು ಯಾರಿಗೆ?

ಸೌದಿ ಅರೇಬಿಯಾದಿಂದ ಮರಳಿದ್ದ ಕಲಬುರಗಿಯ 76 ವರ್ಷದ ಹಿರಿಯರೊಬ್ಬರು 2020ರ ಮಾರ್ಚ್ 10ರಂದು ತೀರಿಕೊಂಡರು. ಕೊರೊನಾ ವೈರಾಣುವಿನಿಂದ ಭಾರತದಲ್ಲಿ ಸಂಭವಿಸಿದ ಮೊದಲ ಸಾವು ಅದೆಂದು ಮಾರ್ಚ್ 12ರಂದು ದೃಢಪಟ್ಟಿತು. ಬಳಿಕ ಸೋಂಕು ಕಂಡುಬಂದದ್ದು ಅವರ ಮಗಳಲ್ಲಿ ಮತ್ತು ಅವರಿಗೆ ಚಿಕಿತ್ಸೆ ನೀಡಿದ್ದ ವೈದ್ಯರಲ್ಲಿ.

ಏಪ್ರಿಲ್ ತಿಂಗಳ ಮೊದಲ ವಾರದಲ್ಲಿ ಬಾಗಲಕೋಟೆ ಪಟ್ಟಣದಲ್ಲಿಯೂ ಹಿರಿಯರೊಬ್ಬರು ಇದೇ ರೋಗದಿಂದ ತೀರಿಕೊಂಡರು. ಅದು ಬಾಗಲಕೋಟೆ ಜಿಲ್ಲೆಯ ಮೊದಲ ಸಾವು. ಅಲ್ಲಿಯೂ ಮುಂದೆ ಸೋಂಕು ಪತ್ತೆಯಾದದ್ದು ಮೊದಲು ಮನೆಯವರಲ್ಲಿ, ಆಮೇಲೆ ನೆರೆಹೊರೆಯವರಲ್ಲಿ.

ಈ ಎರಡೂ ಪ್ರಸಂಗಗಳಲ್ಲಿ ಒಂದು ಸಮಾನ ಅಂಶವಿದೆ. ಸೋಂಕು ತಗುಲಿದ್ದು ರೋಗಿಯ ಬಳಿ ಕುಳಿತವರಿಗೆ, ಮಾತಾಡಿಸಿದವರಿಗೆ, ಆರೈಕೆ ಮಾಡಿದವರಿಗೆ. ಅವರು ತಪ್ಪು ಮಾಡಿದರೆಂದು ಅಲ್ಲ. ರೋಗಿಯ ಹತ್ತಿರ ಇದ್ದರೆಂದು.

ವೈರಾಣು ಹೊರಬರುವ ಬಗೆ

ಕೊರೊನಾ ವೈರಾಣುವಿನ ಗಾತ್ರ ಒಂದು ಮಿಲಿಮೀಟರಿನ ಹತ್ತು ಸಾವಿರದಲ್ಲಿ ಒಂದು ಭಾಗದಷ್ಟು. ಅದಕ್ಕೆ ಕಾಲಿಲ್ಲ, ರೆಕ್ಕೆಯಿಲ್ಲ. ತಾನಾಗಿ ಒಂದು ಗೇಣು ದೂರವನ್ನೂ ಅದು ಕ್ರಮಿಸಲಾರದು. ಜೀವಕೋಶದ ಒಳಹೊಕ್ಕ ಮೇಲೆ ಮಾತ್ರ ಅದು ತನ್ನಂಥವೇ ಇನ್ನಷ್ಟು ವೈರಾಣುಗಳನ್ನು ಉಂಟುಮಾಡಬಲ್ಲದು. ನಮ್ಮ ಮೂಗು, ಗಂಟಲು ಮತ್ತು ಶ್ವಾಸಕೋಶದ ಒಳಪದರದ ಜೀವಕೋಶಗಳು ಅದರ ನೆಲೆ.

ಅಲ್ಲಿಂದ ಹೊರಬರಲು ಅದಕ್ಕೆ ನಮ್ಮ ಉಸಿರೇ ವಾಹನ. ಕೆಮ್ಮಿದಾಗ, ಸೀನಿದಾಗ, ಹಾಡಿದಾಗ, ಮಾತಾಡಿದಾಗ, ಸುಮ್ಮನೆ ಉಸಿರು ಬಿಟ್ಟಾಗಲೂ ಸಹ ಬಾಯಿ ಮೂಗುಗಳಿಂದ ನೀರಿನ ಹನಿಗಳು ಹೊರಬೀಳುತ್ತವೆ. ದಪ್ಪ ಹನಿಗಳು ಭಾರವಾಗಿದ್ದು ಒಂದೆರಡು ಮೀಟರಿನೊಳಗೆ ನೆಲ ಸೇರುತ್ತವೆ. ಅತಿ ಸೂಕ್ಷ್ಮ ಹನಿಗಳು ಮಾತ್ರ ಹೊಗೆಯಂತೆ ಗಾಳಿಯಲ್ಲಿ ತೇಲುತ್ತ ಬಹಳ ಹೊತ್ತು ಇರಬಲ್ಲವು. ಆರಂಭದಲ್ಲಿ ತಜ್ಞರು ದಪ್ಪ ಹನಿಗಳ ಕಡೆಗೇ ಹೆಚ್ಚು ಗಮನ ಕೊಟ್ಟಿದ್ದರು. ತೇಲುವ ಕಣಗಳ ಪಾತ್ರವೂ ದೊಡ್ಡದೆಂಬುದು ನಂತರ ಸ್ಪಷ್ಟವಾಯಿತು.

ಒಂದು ಸಣ್ಣ ಪ್ರಯೋಗ

ಹಿರಿಯರ ಸಮ್ಮುಖದಲ್ಲಿ ಊದಿನಕಡ್ಡಿಯೊಂದನ್ನು ಹಚ್ಚಿ ಕೋಣೆಯ ಮೂಲೆಯಲ್ಲಿಡಿ. ಹತ್ತಿರ ನಿಂತವರಿಗೆ ವಾಸನೆ ಕೂಡಲೇ ಬರುತ್ತದೆ, ದಟ್ಟವಾಗಿಯೂ ಇರುತ್ತದೆ. ದೂರ ನಿಂತವರಿಗೆ ತಡವಾಗಿ, ತೆಳುವಾಗಿ ಬರುತ್ತದೆ. ಬಾಗಿಲು, ಕಿಟಕಿ ಮುಚ್ಚಿದ್ದರೆ ಸ್ವಲ್ಪ ಹೊತ್ತಿನಲ್ಲಿ ಕೋಣೆಯ ತುಂಬ ಹೊಗೆ ಆವರಿಸುತ್ತದೆ. ಕಿಟಕಿ ತೆರೆದರೆ ಚದುರಿಹೋಗುತ್ತದೆ. ಅದೇ ಕಡ್ಡಿಯನ್ನು ಅಂಗಳದಲ್ಲಿ ಹಚ್ಚಿದರೆ ನಾಲ್ಕು ಹೆಜ್ಜೆ ಆಚೆ ಇದ್ದವರಿಗೆ ವಾಸನೆ ಹತ್ತುವುದೇ ಕಷ್ಟ.

ಸೋಂಕುಳ್ಳವರ ಉಸಿರೂ ಹೀಗೆಯೇ ಹರಡುತ್ತದೆ. ಆದ್ದರಿಂದ ಅಪಾಯವನ್ನು ಅಳೆಯಲು ಮೂರು ಪ್ರಶ್ನೆ ಕೇಳಬೇಕು: ಎಷ್ಟು ಹತ್ತಿರ ಇದ್ದೆವು? ಎಷ್ಟು ಹೊತ್ತು ಇದ್ದೆವು? ಗಾಳಿ ಎಷ್ಟು ಆಡುತ್ತಿತ್ತು? ವಿಶ್ರಾಂತಿಯಲ್ಲಿರುವ ವಯಸ್ಕರು ಒಂದು ನಿಮಿಷಕ್ಕೆ ಸುಮಾರು 6ರಿಂದ 8 ಲೀಟರ್ ಗಾಳಿಯನ್ನು ಒಳಗೆಳೆದುಕೊಳ್ಳುತ್ತಾರೆ. ಗಂಟೆಗೆ ಅದು 400 ಲೀಟರು ಆಸುಪಾಸು. ದಾರಿಯಲ್ಲಿ ಎದುರಾಗಿ ಹೋದವರಿಗಿಂತ ಒಂದೇ ಕೋಣೆಯಲ್ಲಿ ರಾತ್ರಿಯಿಡೀ ಮಲಗಿದವರಿಗೆ ಅಪಾಯ ಹೆಚ್ಚೆಂಬುದು ಇದರಿಂದ ತಿಳಿಯುತ್ತದೆ.

ನಮ್ಮ ಭಾಗದ ಹಳೆಯ ಮಾಳಿಗೆ ಮನೆಗಳಲ್ಲಿ ಕಿಟಕಿಗಳು ಕಡಿಮೆ. ಬೆಳಕಿಂಡಿಯನ್ನೂ ಮುಚ್ಚಿಬಿಟ್ಟರೆ ಗಾಳಿ ನಿಂತಲ್ಲೇ ನಿಲ್ಲುತ್ತದೆ. ಜನ ಕಿಕ್ಕಿರಿದ ಟಂಟಂ, ರಬಕವಿ-ಬನಹಟ್ಟಿಯ ಇಕ್ಕಟ್ಟಾದ ಮಗ್ಗದ ಕೋಣೆ, ಕಿಟಕಿ ಹಾಕಿದ ತರಗತಿ, ಇವೆಲ್ಲಕ್ಕೂ ಇದೇ ಲೆಕ್ಕ ಅನ್ವಯಿಸುತ್ತದೆ.

ಹಾಡಿನ ಕೂಟದಿಂದ ಕಲಿತ ಪಾಠ

ಈ ಮೂರೂ ಅಂಶಗಳು ಒಟ್ಟು ಸೇರಿದರೆ ಏನಾಗಬಹುದು? ಅಮೆರಿಕದ ವಾಷಿಂಗ್ಟನ್ ರಾಜ್ಯದ ಸ್ಕ್ಯಾಜಿಟ್ ಎಂಬಲ್ಲಿ 2020ರ ಮಾರ್ಚ್ 10ರಂದು ಗಾಯಕರ ತಂಡವೊಂದು ಎರಡೂವರೆ ಗಂಟೆ ಅಭ್ಯಾಸ ನಡೆಸಿತು. ಸೇರಿದ್ದವರು 61 ಜನ. ಅವರಲ್ಲಿ ಒಬ್ಬರಿಗೆ ಮಾತ್ರ ನೆಗಡಿಯಂಥ ಲಕ್ಷಣಗಳಿದ್ದವು. ಮುಂದಿನ ದಿನಗಳಲ್ಲಿ ಉಳಿದ 60 ಜನರ ಪೈಕಿ 52 ಜನರು ದೃಢಪಟ್ಟ ಅಥವಾ ಸಂಭಾವ್ಯ ರೋಗಿಗಳಾದರು. ತಂಡದ ಇಬ್ಬರು ತೀರಿಕೊಂಡರು. ಗಟ್ಟಿಯಾಗಿ ಹಾಡಿದಾಗ ಹನಿಗಳು ಹೆಚ್ಚು ಹೊರಬೀಳುತ್ತವೆ. ಮುಚ್ಚಿದ ಗುಡಿಯೊಳಗಿನ ಭಜನೆಗೂ ಬಯಲಿನ ಭಜನೆಗೂ ಇರುವ ವ್ಯತ್ಯಾಸವನ್ನು ಇದರಿಂದ ಊಹಿಸಬಹುದು.

ಹತ್ತಿರ ಇದ್ದವರೆಲ್ಲರಿಗೂ ಹತ್ತುತ್ತದೆಯೇ?

ಇಲ್ಲ. ಆಂಧ್ರಪ್ರದೇಶ ಮತ್ತು ತಮಿಳುನಾಡಿನಲ್ಲಿ ಸುಮಾರು 85 ಸಾವಿರ ಸೋಂಕಿತರ ಮತ್ತು ಅವರ ಸಂಪರ್ಕಕ್ಕೆ ಬಂದಿದ್ದ 5 ಲಕ್ಷ 75 ಸಾವಿರ ಜನರ ವಿವರಗಳನ್ನು ವಿಜ್ಞಾನಿಗಳು ಪರಿಶೀಲಿಸಿದರು. ಅಧ್ಯಯನ 2020ರಲ್ಲಿ ಪ್ರಕಟವಾಯಿತು. ನಿಕಟ ಸಂಪರ್ಕದಲ್ಲಿದ್ದ ನೂರು ಜನರಲ್ಲಿ ಸುಮಾರು 11 ಜನರಿಗೆ ಸೋಂಕು ತಗುಲಿತ್ತು. ಅಷ್ಟು ನಿಕಟವಲ್ಲದ ಸಂಪರ್ಕದಲ್ಲಿ ನೂರಕ್ಕೆ ಸುಮಾರು 5. ಇನ್ನೊಂದು ಮಹತ್ವದ ಸಂಗತಿಯೆಂದರೆ, ನೂರರಲ್ಲಿ 71 ಸೋಂಕಿತರ ಸಂಪರ್ಕಿತರಲ್ಲಿ ಯಾರಿಗೂ ಸೋಂಕು ಪತ್ತೆಯಾಗಲಿಲ್ಲ. ಅಂದರೆ ಬಹುಪಾಲು ಹರಡುವಿಕೆ ಕೆಲವರಿಂದ, ಕೆಲವು ಸಂದರ್ಭಗಳಲ್ಲಿ ಆಗುತ್ತದೆ. ಆ ಸಂದರ್ಭಗಳನ್ನು ತಪ್ಪಿಸಿದರೆ ರೋಗದ ಸರಪಳಿ ತುಂಡಾಗುತ್ತದೆ.

ಎಲ್ಲ ವೈರಾಣುಗಳೂ ಒಂದೇ ಬಗೆಯಲ್ಲ. ರೋಗನಿರೋಧಕ ಶಕ್ತಿ ಇಲ್ಲದ ಜನರ ನಡುವೆ ದಡಾರದ ಒಬ್ಬ ರೋಗಿಯಿಂದ 12ರಿಂದ 18 ಜನರಿಗೆ ಸೋಂಕು ತಗುಲಬಹುದು. 2020ರ ಆರಂಭದ ಕೊರೊನಾ ವೈರಾಣುವಿಗೆ ಈ ಸಂಖ್ಯೆ 2ರಿಂದ 3. ಅನಂತರ ಬಂದ ಡೆಲ್ಟಾ, ಓಮಿಕ್ರಾನ್ ರೂಪಗಳು ಅದಕ್ಕಿಂತ ಬೇಗ ಹರಡಿದವು.

ಸದ್ದಿಲ್ಲದ ದಿನಗಳು

ವೈರಾಣು ಒಳಹೊಕ್ಕ ಕೂಡಲೇ ಜ್ವರ ಬರುವುದಿಲ್ಲ. 2020ರ ಕೊರೊನಾದಲ್ಲಿ ಲಕ್ಷಣ ಕಾಣಲು ಸರಾಸರಿ 5 ದಿನ, ಕೆಲವರಲ್ಲಿ 14 ದಿನದವರೆಗೆ ಹಿಡಿಯುತ್ತಿತ್ತು. ಲಕ್ಷಣ ಕಾಣುವುದಕ್ಕೆ ಸುಮಾರು ಎರಡು ದಿನ ಮೊದಲೇ ಆ ವ್ಯಕ್ತಿಯಿಂದ ರೋಗ ಹರಡತೊಡಗುತ್ತಿತ್ತು. ಕೆಲವರಿಗೆ ಲಕ್ಷಣವೇ ಕಾಣುತ್ತಿರಲಿಲ್ಲ. ಸಂಪರ್ಕಕ್ಕೆ ಬಂದವರು ಆರೋಗ್ಯವಾಗಿ ಕಂಡರೂ 14 ದಿನ ಮನೆಯಲ್ಲೇ ಪ್ರತ್ಯೇಕವಾಗಿರಬೇಕೆಂದು ಆಗ ಹೇಳುತ್ತಿದ್ದದ್ದು ಇದಕ್ಕಾಗಿಯೇ. ನಮ್ಮ ರಾಜ್ಯದಲ್ಲಿ ಅಂಥವರ ಕೈಗೆ ಮುದ್ರೆ ಒತ್ತುತ್ತಿದ್ದುದನ್ನು ನಿಮ್ಮಲ್ಲಿ ಕೆಲವರು ಕಂಡಿರಬಹುದು.

ಮೊದಲು ಸಿಕ್ಕವರು ಮೊದಲಿಗರೇ?

2020ರ ಮೇ ತಿಂಗಳ ಮೊದಲ ವಾರದಲ್ಲಿ ಬಾದಾಮಿ ತಾಲ್ಲೂಕಿನ ಢಾಣಕಶಿರೂರು ಗ್ರಾಮದಲ್ಲಿ ಒಬ್ಬರಿಗೆ ಸೋಂಕು ದೃಢಪಟ್ಟಿತು. ಸಂಪರ್ಕಕ್ಕೆ ಬಂದವರನ್ನು ಪರೀಕ್ಷಿಸಿದಾಗ ಹತ್ತಕ್ಕೂ ಹೆಚ್ಚು ಜನರಲ್ಲಿ ಸೋಂಕು ಪತ್ತೆಯಾಯಿತು. ಇಂಥ ಸಂದರ್ಭದಲ್ಲಿ "ಅವರಿಂದಲೇ ಊರಿಗೆಲ್ಲ ಬಂತು" ಎಂದು ಜನ ಹೇಳಿಬಿಡುವುದುಂಟು. ವಿಜ್ಞಾನ ಹಾಗೆ ಹೇಳುವುದಿಲ್ಲ. ಮೊದಲು ಪರೀಕ್ಷೆಗೆ ಒಳಗಾದವರು ಮೊದಲು ಸಿಕ್ಕಿರುತ್ತಾರೆ, ಅಷ್ಟೆ. ಅವರಿಗೆ ಸೋಂಕು ಕೊಟ್ಟವರು ಲಕ್ಷಣವಿಲ್ಲದೆ ಅದೇ ಊರಿನಲ್ಲಿ ಓಡಾಡಿಕೊಂಡಿರಬಹುದು.

ದೂಷಣೆಯಿಂದ ಇನ್ನೊಂದು ಹಾನಿಯೂ ಇದೆ. ಊರವರು ಬೊಟ್ಟು ಮಾಡಿ ತೋರಿಸುತ್ತಾರೆಂಬ ಅಂಜಿಕೆಯಿದ್ದರೆ ಜನ ಜ್ವರವನ್ನು ಮುಚ್ಚಿಡುತ್ತಾರೆ, ಯಾರನ್ನು ಭೇಟಿಯಾದೆವೆಂದು ಹೇಳುವುದಿಲ್ಲ. ಆಶಾ ಕಾರ್ಯಕರ್ತೆ ಮನೆ ಬಾಗಿಲಿಗೆ ಬಂದು ಕೇಳಿದರೂ ಉತ್ತರ ಸಿಗುವುದಿಲ್ಲ. ಹೆಸರೊಂದು ತಪ್ಪಿದರೆ ಸರಪಳಿಯ ಕೊಂಡಿಯೊಂದು ಹಾಗೇ ಉಳಿಯುತ್ತದೆ. ಅದರ ಬೆಲೆಯನ್ನು ಬಹಳ ಸಲ ತೆತ್ತವರು ಮನೆಯ ಅಜ್ಜ, ಅಜ್ಜಿಯರು. ಕರ್ನಾಟಕದಲ್ಲಿ ಈ ರೋಗದಿಂದ ಸತ್ತವರ ಅಧಿಕೃತ ಸಂಖ್ಯೆಯೇ 40 ಸಾವಿರ ಮೀರಿದೆ.

ನಾವು ಮಾಡಬೇಕಾದದ್ದು

ವಿಶ್ವ ಆರೋಗ್ಯ ಸಂಸ್ಥೆ 2023ರ ಮೇ 5ರಂದು ಕೊರೊನಾದ ತುರ್ತುಸ್ಥಿತಿ ಮುಗಿಯಿತೆಂದು ಸಾರಿತು. ವೈರಾಣು ಮಾತ್ರ ಹೋಗಿಲ್ಲ. ಫ್ಲೂ, ದಡಾರಗಳೂ ಉಸಿರಿನ ಹಾದಿಯಲ್ಲೇ ಸಂಚರಿಸುತ್ತವೆ. ಮನೆಯಲ್ಲಿ ಯಾರಿಗಾದರೂ ಜ್ವರ, ಕೆಮ್ಮು ಬಂದರೆ ಹೀಗೆ ಮಾಡಿ:

1. ರೋಗಿಯನ್ನು ಗಾಳಿ ಬೆಳಕಿರುವ ಕಡೆ ಮಲಗಿಸಿ; ಕಿಟಕಿ, ಬೆಳಕಿಂಡಿ ತೆರೆದಿಡಿ.
2. ಆರೈಕೆಯನ್ನು ಸಾಧ್ಯವಾದಷ್ಟು ಒಬ್ಬರೇ ನೋಡಿಕೊಳ್ಳಲಿ. ರೋಗಿಯೂ ಅವರೂ ಮೂಗು, ಬಾಯಿ ಮುಚ್ಚುವಂತೆ ಮಾಸ್ಕ್ ಧರಿಸಲಿ.
3. ಕೆಮ್ಮುವಾಗ ಮೊಳಕೈ ಅಡ್ಡ ಹಿಡಿಯಿರಿ. ಸೋಪು ಹಚ್ಚಿ ಕೈ ತೊಳೆಯಿರಿ.
4. ಮುದುಕರು, ಹಸುಗೂಸುಗಳು, ಗರ್ಭಿಣಿಯರನ್ನು ಕೆಲವು ದಿನ ಬೇರೆ ಕೋಣೆಯಲ್ಲಿರಿಸಿ.
5. ಏದುಸಿರು ಕಂಡರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ.
6. ವೈದ್ಯರು ಸೂಚಿಸಿದ ಲಸಿಕೆಗಳನ್ನು ತಪ್ಪದೆ ಹಾಕಿಸಿಕೊಳ್ಳಿ.

ರೋಗಿಯಿಂದ ದೂರವಿರುವುದೆಂದರೆ ರೋಗಿಯನ್ನು ದೂರ ಮಾಡುವುದಲ್ಲ. ಬಾಗಿಲ ಬಳಿ ನಿಂತು "ಅಜ್ಜಾ, ಗಂಜಿ ಕುಡಿದಿರಾ?" ಎಂದು ಕೇಳಬಹುದು. ಕಿಟಕಿ ತೆರೆದಿಟ್ಟು ಮಾತಾಡಬಹುದು.

ಯೋಚಿಸಿ ನೋಡಿ

ನಿಮ್ಮ ತರಗತಿಯಲ್ಲಿ ಎಷ್ಟು ಕಿಟಕಿಗಳಿವೆ? ಅವುಗಳಲ್ಲಿ ದಿನವೂ ತೆರೆಯುವುದು ಎಷ್ಟು? ನಿನ್ನೆ ಒಂದು ಗಂಟೆಗಿಂತ ಹೆಚ್ಚು ಹೊತ್ತು ನೀವು ಯಾರ ಬಳಿ ಕುಳಿತಿದ್ದಿರಿ? ಆ ಹೆಸರುಗಳನ್ನು ಒಂದು ಹಾಳೆಯಲ್ಲಿ ಬರೆದು ನೋಡಿ. ಉಸಿರಿನಿಂದ ಹರಡುವ ರೋಗ ಬಂದರೆ ನಿಮ್ಮಿಂದ ಅದು ಮೊದಲು ತಲುಪುವ ಸಾಧ್ಯತೆ ಹೆಚ್ಚಾಗಿರುವುದು ಆ ಪಟ್ಟಿಯಲ್ಲಿರುವವರಿಗೇ.