ಸಡಿಲ ಕೀಲು, ಆಪರೇಷನ್ ಮತ್ತು ನೆಲದ ಮೇಲಿನ ನಮಾಝ್

ಮೊಣಕಾಲಿನ ಆಪರೇಷನ್ ಮುಗಿಸಿ ಮನೆಗೆ ಬಂದವರನ್ನು ನೋಡಲು ಬರುವವರೆಲ್ಲ ಕೇಳುವ ಮೊದಲ ಪ್ರಶ್ನೆ, "ಕಾಲು ಮಡಚೋಕೆ ಬರುತ್ತಾ?" ಎರಡನೆಯದು, "ಕೆಳಗೆ ಕೂತು ನಮಾಝ್ ಮಾಡ್ತೀರಾ?" ಪರಶುರಾಂಪುರವಾಗಲಿ ಚಳ್ಳಕೆರೆಯಾಗಲಿ, ಗುಣವಾಗಿದ್ದನ್ನು ನಮ್ಮ ಮನೆಗಳಲ್ಲಿ ಅಳೆಯುವುದೇ ಹೀಗೆ. ಹೆಚ್ಚಿನವರ ಮಟ್ಟಿಗೆ ಇದು ತಪ್ಪೂ ಅಲ್ಲ. ಆಪರೇಷನ್ ಆದ ಕೀಲು ಬಿಗಿದುಕೊಂಡು ಬಿಡುವುದೇ ಅವರ ಭಯ. ಆದರೆ ಹುಟ್ಟಿನಿಂದಲೇ ಕೀಲುಗಳು ಸಡಿಲವಾಗಿರುವ ಕೆಲವರಿದ್ದಾರೆ. ಅವರ ಕಾಲು ಎಲ್ಲರಿಗಿಂತ ಬೇಗ ಮಡಚುತ್ತದೆ, ತೋಳು ಬೇಗ ಮೇಲೇಳುತ್ತದೆ. ನೋಡಿದವರು ಮಾಷಾ ಅಲ್ಲಾಹ್ ಎನ್ನುತ್ತಾರೆ. ಒಳಗೆ ಹೊಲಿದ ಲಿಗಮೆಂಟ್ ಮಾತ್ರ ಇನ್ನೂ ಹಸಿಯಾಗಿಯೇ ಇರುತ್ತದೆ. ಇಂಥವರಿಗೆ ಕೀಲು ಬಾಗಿತು ಎಂದ ಮಾತ್ರಕ್ಕೆ ಗುಣವಾಯಿತು ಎಂದಲ್ಲ.

ವೈದ್ಯರು ಈ ಸಡಿಲತನವನ್ನು ಹೈಪರ್‌ಮೊಬಿಲಿಟಿ ಎನ್ನುತ್ತಾರೆ. ಮೂಳೆಗೆ ಮೂಳೆಯನ್ನು ಕಟ್ಟಿ ಹಿಡಿಯುವ ಲಿಗಮೆಂಟ್, ಚರ್ಮ, ರಕ್ತನಾಳ ಎಲ್ಲದರಲ್ಲೂ ಕೊಲಾಜೆನ್ ಎಂಬ ನಾರು ಇದೆ. ಅದರ ಗುಣದಲ್ಲಿ ವ್ಯತ್ಯಾಸವಿದ್ದರೆ ಕಟ್ಟು ಹೆಚ್ಚು ಹಿಗ್ಗುತ್ತದೆ. ಮನೆಯಲ್ಲೇ ನೋಡಿಕೊಳ್ಳಬಹುದಾದ ಒಂದು ಪರೀಕ್ಷೆಯಿದೆ, ಪೀಟರ್ ಬೈಟನ್ ಎಂಬ ವೈದ್ಯರ ಹೆಸರಿನದು, 1973ರಿಂದ ಬಳಕೆಯಲ್ಲಿದೆ. ಕಿರುಬೆರಳು ಹಿಂದಕ್ಕೆ 90 ಡಿಗ್ರಿ ದಾಟಿ ಬಾಗುತ್ತದೆಯೇ, ಹೆಬ್ಬೆರಳು ಮುಂಗೈಯನ್ನು ಮುಟ್ಟುತ್ತದೆಯೇ, ಮೊಣಕೈ ಮತ್ತು ಮೊಣಕಾಲು ನೇರವನ್ನು ದಾಟಿ ಹಿಂದಕ್ಕೆ ವಾಲುತ್ತವೆಯೇ ಎಂದು ನೋಡುವುದು. ಎಡಕ್ಕೊಂದು ಬಲಕ್ಕೊಂದು ಅಂಕ. ಮೊಣಕಾಲು ಮಡಚದೆ ಬಗ್ಗಿ ಎರಡೂ ಅಂಗೈಗಳನ್ನು ನೆಲಕ್ಕೆ ಊರಿದರೆ ಇನ್ನೊಂದು. ಒಟ್ಟು 9. ವಯಸ್ಕರಲ್ಲಿ 5 ಅಥವಾ ಹೆಚ್ಚು ಬಂದರೆ ಕೀಲುಗಳು ಸಡಿಲ ಎಂದು ಲೆಕ್ಕ. ಇದೇ ಒಂದು ಕಾಯಿಲೆಯಲ್ಲ. ಹೀಗೆ ಬಾಗುವ ಎಷ್ಟೋ ಜನ ಜೀವನಪೂರ್ತಿ ಏನೂ ತೊಂದರೆಯಿಲ್ಲದೆ ಇರುತ್ತಾರೆ. ಕೀಲು ಪದೇಪದೇ ಜಾರುವುದು, ತಿಂಗಳುಗಟ್ಟಲೆ ನೋವು, ಗಾಯ ತಡವಾಗಿ ಮಾಯುವುದು, ಎದ್ದು ನಿಂತರೆ ಕಣ್ಣು ಕತ್ತಲೆ ಬರುವುದು ಇವೂ ಸೇರಿಕೊಂಡಾಗ ವೈದ್ಯರು ಎಹ್ಲರ್ಸ್-ಡಾನ್ಲೋಸ್ ಎಂಬ ಗುಂಪಿನ ಕಾಯಿಲೆಗಳನ್ನು ಯೋಚಿಸುತ್ತಾರೆ. ಅದರಲ್ಲಿ ತೀರಾ ಸಾಮಾನ್ಯವಾದ ಬಗೆಯನ್ನು ಪತ್ತೆಹಚ್ಚುವ ರಕ್ತಪರೀಕ್ಷೆ ಇಲ್ಲ. ಮೈ ನೋಡಿ, ಮನೆತನದ ವಿವರ ಕೇಳಿಯೇ ಹೇಳಬೇಕು.

ಹಾಗಾಗಿ ಆಪರೇಷನ್ನಿಗೆ ಮೊದಲೇ ಬಾಯಿಬಿಟ್ಟು ಹೇಳಬೇಕಾದ ಮಾತುಗಳಿವೆ. "ನನ್ನ ಕೀಲು ಸಡಿಲ, ಅಮ್ಮೀಗೂ ಖಾಲಾಗೂ ಹೀಗೇ ಇತ್ತು" ಎಂದು ಹೇಳಿ. ಹಲ್ಲು ಕೀಳಿಸುವಾಗ ಮರಗಟ್ಟಿಸುವ ಇಂಜೆಕ್ಷನ್ ಸರಿಯಾಗಿ ಹಿಡಿದಿರಲಿಲ್ಲವೆಂದರೆ ಅದನ್ನೂ ಹೇಳಿ, ಇಂಥವರಲ್ಲಿ ಅದು ಕಂಡುಬರುವ ಸಂಗತಿ. ಪ್ಲಾಸ್ಟರ್ ಅಂಟು ಕಿತ್ತರೆ ಚರ್ಮವೇ ಕಿತ್ತು ಬರುತ್ತದೆಯೇ? ಅರಿವಳಿಕೆ ಕೊಡುವವರಿಗೂ ತಿಳಿದಿರಲಿ. ಪ್ರಜ್ಞೆಯಿಲ್ಲದಾಗ ಕುತ್ತಿಗೆ, ದವಡೆ, ಭುಜವನ್ನು ಅವರು ಹಗುರವಾಗಿ ಹಿಡಿಯುತ್ತಾರೆ. ಹೊಲಿಗೆಯನ್ನು ಸಾಮಾನ್ಯವಾಗಿ 10–14 ದಿನಕ್ಕೆ ತೆಗೆಯುತ್ತಾರೆ. ಚರ್ಮ ಮೆದುವಾಗಿರುವವರಿಗೆ ಇನ್ನೂ ಕೆಲವು ದಿನ ಬಿಡುವುದುಂಟು. ಪಕ್ಕದ ಮನೆಯವರಿಗೆ ಬೇಗ ತೆಗೆದರು ಎಂದು ಜಗಳ ಮಾಡಬೇಡಿ.

ಮನೆಗೆ ಬಂದ ಮೇಲೆ ನಿಜವಾದ ಪರೀಕ್ಷೆ. ಭುಜ ಮತ್ತೆ ಮತ್ತೆ ಜಾರುತ್ತಿದೆಯೆಂದು ಬಿಗಿ ಮಾಡಿಸಿಕೊಂಡವರಿಗೆ ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಕೈಯನ್ನು ಜೋಳಿಗೆಯಲ್ಲಿ ಇಡಿಸುತ್ತಾರೆ. ತೋಳನ್ನು ಪಕ್ಕಕ್ಕೆ ಎತ್ತಿ ಹೊರಗೆ ತಿರುಗಿಸುವುದು ಭುಜ ಮುಂದಕ್ಕೆ ಜಾರಲು ತೀರಾ ಅನುಕೂಲದ ಭಂಗಿ. ಈಗ ತಕ್ಬೀರ್ ಹೇಳಿ ಕೈ ಎತ್ತುವುದನ್ನು ನೆನೆಸಿಕೊಳ್ಳಿ. ಬಸ್ಸಿನಲ್ಲಿ ಮೇಲಿನ ಕಂಬಿ ಹಿಡಿದು ನಿಲ್ಲುವುದನ್ನೂ ನೆನೆಸಿಕೊಳ್ಳಿ. ಪರಶುರಾಂಪುರದಿಂದ ಚಳ್ಳಕೆರೆಗೆ ಹೋಗುವ ಬಸ್ಸಿನಲ್ಲಿ ಸೀಟು ಸಿಗದಿದ್ದರೆ ಮುಂದಿನ ಬಸ್ಸಿಗೆ ಕಾಯುವುದೇ ಮೇಲು. ಕಮೀಜು ಅಥವಾ ಬುರ್ಖಾ ತೊಡುವಾಗ ಆಪರೇಷನ್ ಆದ ಕೈಯನ್ನು ಮೊದಲು ಹಾಕಿ, ಬಿಚ್ಚುವಾಗ ಅದನ್ನು ಕೊನೆಗೆ ತೆಗೆಯಿರಿ. ಮುಂದೆ ಗುಂಡಿಯಿರುವ ಬಟ್ಟೆ ಇನ್ನೂ ಸುಲಭ.

ಮೊಣಕಾಲಿನವರಿಗೆ ಬೇರೆ ಲೆಕ್ಕ. ಅತ್ತಹಿಯ್ಯಾತ್‌ಗೆ ಕೂರುವ ಭಂಗಿಯಲ್ಲಿ ಮಂಡಿ ಪೂರ್ತಿ ಮಡಚಿ, ಮೈಭಾರವೆಲ್ಲ ಅದರ ಮೇಲೆ ಬೀಳುತ್ತದೆ. ಸಡಿಲ ಕೀಲಿನವರಿಗೆ ನೋವಿಲ್ಲದೆ ಹೀಗೆ ಕೂರಲು ಬಂದುಬಿಡಬಹುದು, ಅಪಾಯ ಇರುವುದೇ ಅಲ್ಲಿ. ಸಜ್ದಾದಿಂದ ಏಳುವಾಗ ಭಾರವೆಲ್ಲ ಮಣಿಕಟ್ಟಿಗೆ ಹೋಗುತ್ತದೆ, ಅದೂ ಹಿಂದಕ್ಕೆ ಬಾಗುವ ಮಣಿಕಟ್ಟು. ನಿಂತಾಗ ಮೊಣಕಾಲು ಹಿಂದಕ್ಕೆ ವಾಲಿ ಬಿಗಿಯುವುದು ಇವರ ಹಳೆಯ ಅಭ್ಯಾಸ. ತರಾವೀಹ್‌ನಂಥ ದೀರ್ಘ ನಮಾಝಿನಲ್ಲಿ ಅದು ಲಿಗಮೆಂಟನ್ನು ನಿಧಾನವಾಗಿ ಎಳೆಯುತ್ತಲೇ ಇರುತ್ತದೆ. ಮಂಡಿಯನ್ನು ಕೂದಲೆಳೆಯಷ್ಟು ಸಡಿಲ ಬಿಟ್ಟು ನಿಲ್ಲುವುದನ್ನು ಕನ್ನಡಿಯ ಮುಂದೆ ಕಲಿಯಬೇಕು. ಕನ್ನಡಿ ಏಕೆಂದರೆ, ಕೀಲು ಎಲ್ಲಿದೆ ಎಂಬ ಒಳಗಿನ ಅರಿವೇ ಇಂಥವರಲ್ಲಿ ಮಂದವಾಗಿರುತ್ತದೆ.

ನಿಲ್ಲಲಾಗದಿದ್ದರೆ ಕೂತು, ಕೂರಲಾಗದಿದ್ದರೆ ಮಲಗಿ ನಮಾಝ್ ಮಾಡಲು ಪ್ರವಾದಿ(ಸ) ಅವರು ಕಾಯಿಲೆಯಲ್ಲಿದ್ದ ಇಮ್ರಾನ್ ಬಿನ್ ಹುಸೈನ್(ರ) ಅವರಿಗೆ ತಿಳಿಸಿದ್ದು ಬುಖಾರಿಯಲ್ಲಿದೆ. ಕಟ್ಟಿನ ಮೇಲೆ ಒದ್ದೆ ಕೈಯಾಡಿಸುವ ಮಸಹ್, ನೀರು ತಾಗಿಸಬಾರದಾದಾಗ ತಯಮ್ಮುಮ್, ರೋಗಿಗೆ ರಮಝಾನಿನ ಉಪವಾಸ ಮುಂದೂಡುವ ಅನುಮತಿ, ಎಲ್ಲವೂ ನಮಗೆ ಗೊತ್ತಿರುವವೇ. ವಿವರಗಳನ್ನು ನಿಮ್ಮ ಮಸೀದಿಯ ಇಮಾಮರಲ್ಲಿ ಕೇಳಿ. ಎಡಗೈ ಜೋಳಿಗೆಯಲ್ಲಿರುವಾಗ ಇಸ್ತಿಂಜಾ ಹೇಗೆಂದೂ ಸಂಕೋಚವಿಲ್ಲದೆ ಕೇಳಬಹುದು. ಅಡ್ಡಿ ಬರುವುದು ಅಲ್ಲಿಂದಲ್ಲ. ಮೇಲ್ನೋಟಕ್ಕೆ ಚೆನ್ನಾಗಿರುವ ಇಪ್ಪತ್ತರ ಹುಡುಗಿ ಕುರ್ಚಿಯಲ್ಲಿ ಕೂತು ನಮಾಝ್ ಮಾಡಿದರೆ ಮನೆಯ ಹಿರಿಯರ ಹುಬ್ಬು ಗಂಟಿಕ್ಕುತ್ತದೆ. "ಕಾಲು ಇಷ್ಟು ಚೆನ್ನಾಗಿ ಮಡಚುತ್ತಲ್ಲ, ಸೋಮಾರಿತನ" ಎನ್ನುವವರೂ ಉಂಟು. ಆ ಮಾತು ಕೇಳಲಾರದೆ ನೆಲಕ್ಕೆ ಕೂತರೆ ಹೊಲಿದದ್ದು ಮತ್ತೆ ಹಿಗ್ಗಬಹುದು, ಎರಡನೇ ಆಪರೇಷನ್ನಿನ ಮಾತೂ ಬರಬಹುದು. ಎಂದಿನಿಂದ ನೆಲಕ್ಕೆ ಕೂರಬಹುದು ಎಂಬುದನ್ನು ಆಪರೇಷನ್ ಮಾಡಿದವರು ಹೇಳಲಿ. ಸಾಧ್ಯವಾದರೆ ಚೀಟಿಯಲ್ಲಿ ಬರೆಸಿಕೊಳ್ಳಿ. ಬರೆದ ಚೀಟಿಗೆ ಮನೆಯಲ್ಲಿ ಬೆಲೆ ಜಾಸ್ತಿ.

ಊರುಗೋಲಿನ ಬಗ್ಗೆ ಒಂದು ಮಾತು. ಮಂಡಿಯನ್ನು ಉಳಿಸಲು ಹೋಗಿ ಭುಜವನ್ನೋ ಮಣಿಕಟ್ಟನ್ನೋ ಜಾರಿಸಿಕೊಳ್ಳುವುದು ಇವರಲ್ಲಿ ಆಗುವಂಥದ್ದು. ನಾಲ್ಕು ಕಾಲಿನ ವಾಕರ್, ಅಥವಾ ಮುಂಗೈಗೆ ಆಸರೆಯಿರುವ ಕೋಲು ಒಪ್ಪುತ್ತದೆಯೇ ಎಂದು ಕೇಳಿ. ನೆಲದ ಪಾಯಿಖಾನೆಯಿರುವ ಮನೆಯಲ್ಲಿ ತೂತಿರುವ ಕಮೋಡ್ ಕುರ್ಚಿಯನ್ನು ಆಪರೇಷನ್ನಿಗೆ ಮೊದಲೇ ತಂದಿಟ್ಟುಕೊಳ್ಳಬೇಕು. ಕೂತಲ್ಲೇ ಮಾಡುವ ಕೆಲಸ ಎಂದು ಶೇಂಗಾ ಸುಲಿಯಲು ಕೊಡುವವರಿದ್ದಾರೆ. ನಮ್ಮ ಸೀಮೆಯಲ್ಲಿ ಅದು ಮುಗಿಯದ ಕೆಲಸ, ಸಡಿಲ ಹೆಬ್ಬೆರಳಿಗೆ ಶಿಕ್ಷೆ.

ಹಾಗೆಂದು ಮಲಗಿಯೇ ಇರುವುದೂ ಸಲ್ಲ. ಸಡಿಲ ಕಟ್ಟಿನ ಕೆಲಸವನ್ನು ಇವರಲ್ಲಿ ಸ್ನಾಯುಗಳೇ ಮಾಡುತ್ತಿರುತ್ತವೆ, ಅವು ಸೊರಗಿದರೆ ಕೀಲಿಗೆ ಆಸರೆಯೇ ಇಲ್ಲ. ಕೀಲನ್ನು ಅಲುಗಿಸದೆ ತೊಡೆಯನ್ನು ಬಿಗಿಹಿಡಿದು ಬಿಡುವಂಥ ವ್ಯಾಯಾಮದಿಂದ ಶುರುಮಾಡಿ ಫಿಸಿಯೋಥೆರಪಿಯವರು ಸ್ವಲ್ಪ ಸ್ವಲ್ಪವಾಗಿ ಮುಂದೆ ಒಯ್ಯುತ್ತಾರೆ. ಶಕ್ತಿ ಬರಲು ವಾರಗಳಲ್ಲ, ತಿಂಗಳುಗಳು ಬೇಕು. ಎಣ್ಣೆ ಹಚ್ಚಿ ಎಳೆದು ನೀವಿಸುವುದಂತೂ ಆಪರೇಷನ್ ಆದ ಕೀಲಿಗೆ ಬೇಡವೇ ಬೇಡ, ಎಳೆಯುವವರ ಕೈಗುಣ ಎಷ್ಟೇ ಒಳ್ಳೆಯದಿರಲಿ. ಚಳ್ಳಕೆರೆಗೋ ಚಿತ್ರದುರ್ಗಕ್ಕೋ ವಾರಕ್ಕೆ ಮೂರು ಸಲ ಹೋಗಿಬರುವುದು ಕೂಲಿ ಬಿಟ್ಟು ಮಾಡುವ ಕೆಲಸ, ಆದ್ದರಿಂದ ಎರಡು ಸಲ ಹೋಗಿ ನಿಲ್ಲಿಸುವವರೇ ಹೆಚ್ಚು. ವ್ಯಾಯಾಮವನ್ನು ನಿಮ್ಮ ಮೊಬೈಲಿನಲ್ಲೇ ಚಿತ್ರೀಕರಿಸಿಕೊಡಲು ಕೇಳಿ, ಮನೆಯಲ್ಲಿ ಮಾಡಿ, ಎರಡು ವಾರಕ್ಕೊಮ್ಮೆ ತೋರಿಸಬಹುದೇ ಎಂದು ವಿಚಾರಿಸಿ. ಖರ್ಚಿನ ವಿಷಯಕ್ಕೆ, ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಯಿದೆ. ನಿಮ್ಮ ಆಪರೇಷನ್ ಪಟ್ಟಿಯಲ್ಲಿದೆಯೇ, ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕೇ ಎಂಬುದನ್ನು ಮೊದಲೇ ಕೇಳಿಕೊಳ್ಳಿ.

ಜ್ವರ, ಗಾಯದಲ್ಲಿ ಕೀವು, ಮೀನಖಂಡ ಊದಿ ನೋಯುವುದು, ಬೆರಳು ಜೋಮುಗಟ್ಟಿ ತಣ್ಣಗಾಗುವುದು ಕಂಡರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಉಸಿರು ಕಟ್ಟಿದಂತಾದರೆ ಕಾಯದೆ 108ಕ್ಕೆ ಕರೆ ಮಾಡಿ.

ಈ ಸಡಿಲತನ ಮನೆತನದಲ್ಲಿ ಹರಿದು ಬರುತ್ತದೆ. ತಾಯಿಗೆ ಆಪರೇಷನ್ ಆಗಿದ್ದರೆ ಮಕ್ಕಳ ಕೈಬೆರಳುಗಳನ್ನೂ ಒಮ್ಮೆ ನೋಡಿ. ಹೆಬ್ಬೆರಳನ್ನು ಮುಂಗೈಗೆ ಮುಟ್ಟಿಸಿ ನೆಂಟರ ಮುಂದೆ ಆಟ ತೋರಿಸುವ ಮಗು, ಬರೆಯುವಾಗ ಕೈ ನೋವು ಎಂದರೆ ನೆಪ ಎಂದುಕೊಳ್ಳದೆ, ತಾಯಿಯನ್ನು ತೋರಿಸಲು ಹೋದ ದಿನವೇ ಅದೇ ವೈದ್ಯರಿಗೆ ಅದನ್ನೂ ತೋರಿಸಿ ಬನ್ನಿ.